ಹಲವು ರೋಗ, ಹಲವು ಮದ್ದು, ಒಂದೇ ದೇಹ

ಒಬ್ಬ ಮನುಷ್ಯ, ಅವನಿಗೆ ಒಂದು ರೋಗ, ಆ ರೋಗಕ್ಕೆ ಒಂದು ಔಷಧ. ವೈದ್ಯವಿಜ್ಞಾನವೆಂದೊಡನೆ ನಮ್ಮಲ್ಲಿ ಬಹುಮಂದಿಯ ಮನಸ್ಸಿನಲ್ಲಿ ಮೂಡುವ ಚಿತ್ರ ಇದು. ಮಲೇರಿಯಕ್ಕೆ ಕ್ವಿನೀನ್, ನ್ಯುಮೋನಿಯಕ್ಕೆ ಪೆನಿಸಿಲಿನ್. ರೋಗಿ ಗುಣ ಹೊಂದುವನು, ಔಷಧವೂ ಅಲ್ಲಿಗೆ ನಿಲ್ಲುವುದು. ಈ ಚಿತ್ರ ಸುಳ್ಳಲ್ಲ, ಆದರೆ ಈಗ ಅದು ಅರ್ಧಸತ್ಯವಾಗಿದೆ. ಸ್ವಾತಂತ್ರ್ಯ ಬಂದ ಕಾಲದಲ್ಲಿ ಭಾರತದಲ್ಲಿ ಹುಟ್ಟಿದ ಮಗುವಿನ ನಿರೀಕ್ಷಿತ ಆಯುಸ್ಸು ಸುಮಾರು ೩೨ ವರ್ಷಗಳಾಗಿದ್ದಿತು. ಇಂದು ಅದು ಸುಮಾರು ೭೦. ಸಾಂಕ್ರಾಮಿಕಗಳಿಂದ ಪಾರಾಗಿ ವೃದ್ಧಾಪ್ಯವನ್ನು ಮುಟ್ಟಿದವರನ್ನು ಬೇರೆ ಬಗೆಯ ರೋಗಗಳು ಹಿಡಿಯುತ್ತವೆ. ಮಧುಮೇಹ, ಏರಿದ ರಕ್ತದೊತ್ತಡ, ಹೃದಯದ ದೌರ್ಬಲ್ಯ, ಕೀಲುಗಳ ಸವೆತ ಇವುಗಳು ವಾಸಿಯಾಗುವ ರೋಗಗಳಲ್ಲ, ಹತೋಟಿಯಲ್ಲಿಡಬೇಕಾದವು. ಇವು ಒಂಟಿಯಾಗಿ ಬರುವುದೂ ಅಪರೂಪ. ಪ್ರತಿಯೊಂದಕ್ಕೂ ಒಂದೋ ಎರಡೋ ಮಾತ್ರೆ, ಪ್ರತಿದಿನ, ಬದುಕಿರುವವರೆಗೆ.

ಇಂತಹ ರೋಗಿಯ ಶುಶ್ರೂಷೆಯನ್ನು ಒಂದು ಕಟ್ಟಿಗೆ ತರುವುದು ಇಂದಿನ ವೈದ್ಯಕೀಯದ ಅತಿ ಕಷ್ಟವಾದ ಕೆಲಸಗಳಲ್ಲಿ ಒಂದು. ಅದು ಏಕೆ ಕಷ್ಟ ಎಂಬುದನ್ನು ತಿಳಿಯಲು ವೈದ್ಯಶಾಸ್ತ್ರವನ್ನೆಲ್ಲ ಓದಬೇಕಾಗಿಲ್ಲ. ಕಾಲೇಜಿನ ಮೊದಲ ತರಗತಿಯ ಗಣಿತವೂ ಭೌತವಿಜ್ಞಾನವೂ ಬಹುಮಟ್ಟಿಗೆ ಸಾಕು.

ಎಪ್ಪತ್ತೈದು ವರ್ಷದ ಒಬ್ಬ ಅಜ್ಜಿಯನ್ನು ಕಲ್ಪಿಸಿಕೊಳ್ಳೋಣ. ಮಧುಮೇಹಕ್ಕಾಗಿ ಆಕೆ ಮೆಟ್‌ಫಾರ್ಮಿನ್ ಮತ್ತು ಗ್ಲಿಮಿಪಿರೈಡ್ ತೆಗೆದುಕೊಳ್ಳುತ್ತಾಳೆ. ರಕ್ತದೊತ್ತಡಕ್ಕೆ ರಾಮಿಪ್ರಿಲ್ ಮತ್ತು ಒಂದು ಮೂತ್ರವರ್ಧಕ. ಹೃದಯದ ಬಡಿತದ ಲಯ ಕೆಟ್ಟಿರುವುದರಿಂದ ಡಿಜಾಕ್ಸಿನ್; ಲಯ ಕೆಟ್ಟ ಹೃದಯದಲ್ಲಿ ರಕ್ತ ಹೆಪ್ಪುಗಟ್ಟಿ ಮಿದುಳಿಗೆ ಹೋಗದಿರಲೆಂದು ವಾರ್ಫರಿನ್. ಇವನ್ನೆಲ್ಲ ಬರೆದುಕೊಟ್ಟವರು ಇಬ್ಬರು ಮೂವರು ವೈದ್ಯರು. ಪ್ರತಿಯೊಬ್ಬರೂ ತಮ್ಮ ವಿಷಯದಲ್ಲಿ ನಿಪುಣರು, ಬರೆದದ್ದೂ ಸರಿಯಾಗಿಯೇ ಇದೆ. ಹೀಗಿರಲು ಮಳೆಗಾಲದಲ್ಲಿ ಮೊಣಕಾಲಿನ ನೋವು ಹೆಚ್ಚಾಗಿ, ಮನೆಯವರು ಅಂಗಡಿಯಿಂದ ಡೈಕ್ಲೊಫೆನಾಕ್ ಎಂಬ ನೋವಿನ ಮಾತ್ರೆಯನ್ನು ತಂದುಕೊಡುತ್ತಾರೆ. ಅಲ್ಲಿಗೆ ಔಷಧಗಳು ಏಳಾದವು.

ಏಳು ವಸ್ತುಗಳಲ್ಲಿ ಎರಡೆರಡನ್ನು ಜೋಡಿಸಿದರೆ ಎಷ್ಟು ಜೋಡಿಗಳಾಗುತ್ತವೆ? ಏಳನ್ನು ಆರರಿಂದ ಗುಣಿಸಿ ಎರಡರಿಂದ ಭಾಗಿಸಿದರೆ ೨೧. ಔಷಧ ಎರಡಿದ್ದಾಗ ಜೋಡಿ ಒಂದೇ, ಐದಾದಾಗ ೧೦, ಹತ್ತಾದಾಗ ೪೫. ಔಷಧಗಳ ಸಂಖ್ಯೆ ಇಮ್ಮಡಿಸಿದರೆ ಅವುಗಳ ನಡುವಣ ಸಂಬಂಧಗಳ ಸಂಖ್ಯೆ ನಾಲ್ಮಡಿಗೂ ಮಿಗುವುದು. ಈ ಜೋಡಿಗಳಲ್ಲಿ ಹೆಚ್ಚಿನವು ನಿರಪಾಯಕರವೆಂಬುದು ನಿಜ. ಆದರೆ ಯಾವುದು ನಿರಪಾಯ, ಯಾವುದು ಅಲ್ಲ ಎಂಬುದನ್ನು ಯಾರಾದರೂ ನೋಡಬೇಕಷ್ಟೆ. ಮೂರು ಮೂರರ ಗುಂಪುಗಳನ್ನು ಎಣಿಸಿದರೆ ಅವು ೩೫. ಸೂರ್ಯ ಮತ್ತು ಒಂದು ಗ್ರಹದ ಚಲನೆಯನ್ನು ನ್ಯೂಟನ್ನನ ನಿಯಮಗಳಿಂದ ಪೂರ್ಣವಾಗಿ ಲೆಕ್ಕ ಹಾಕಬಹುದು. ಮೂರನೆಯ ಕಾಯವೊಂದು ಸೇರಿದೊಡನೆ ಅಂತಹ ಸರಳ ಪರಿಹಾರ ಕೈತಪ್ಪುವುದೆಂಬುದನ್ನು ಭೌತವಿಜ್ಞಾನದ ವಿದ್ಯಾರ್ಥಿಗಳು ಬಲ್ಲರು. ಮೂರು ಔಷಧಗಳು ಸೇರಿದಾಗಲೂ ಅಂತಹುದೇ ಒಂದು ಗೋಜು ಉಂಟಾಗುವುದನ್ನು ಮುಂದೆ ನೋಡೋಣ.

ಮೊದಲು ಒಂದೇ ಔಷಧದ ಕಥೆ. ನುಂಗಿದ ಮಾತ್ರೆ ಕರುಳಿನಿಂದ ರಕ್ತಕ್ಕೆ ಸೇರುತ್ತದೆ. ಸೇರಿದ ಗಳಿಗೆಯಿಂದಲೇ ದೇಹ ಅದನ್ನು ಹೊರಹಾಕತೊಡಗುತ್ತದೆ. ಹೊರಹೋಗುವ ದಾರಿಗಳು ಮುಖ್ಯವಾಗಿ ಎರಡು. ಪಿತ್ತಜನಕಾಂಗದ ಕಿಣ್ವಗಳು ಔಷಧವನ್ನು ಒಡೆದು ರೂಪಾಂತರಿಸುವುದು ಒಂದು. ಮೂತ್ರಪಿಂಡಗಳು ಅದನ್ನು ಸೋಸಿ ಮೂತ್ರಕ್ಕೆ ಬಿಡುವುದು ಇನ್ನೊಂದು. ಬಹುತೇಕ ಔಷಧಗಳ ವಿಷಯದಲ್ಲಿ, ಹೊರಹೋಗುವ ವೇಗ ರಕ್ತದಲ್ಲಿ ಉಳಿದಿರುವ ಪ್ರಮಾಣಕ್ಕೆ ಅನುಪಾತದಲ್ಲಿರುತ್ತದೆ. ರೇಡಿಯಂ ಕ್ಷಯಿಸುವ ನಿಯಮವೂ ಇದೇ. ಆದಕಾರಣ ರೇಡಿಯಮಿಗಿರುವಂತೆ ಔಷಧಕ್ಕೂ ಒಂದು ಅರ್ಧಾಯು ಉಂಟು. ಆದರೆ ಮಹತ್ತ್ವದ ಒಂದು ವ್ಯತ್ಯಾಸವಿದೆ: ರೇಡಿಯಮಿನ ಅರ್ಧಾಯುವನ್ನು ಬದಲಿಸುವ ಶಕ್ತಿ ಯಾರಿಗೂ ಇಲ್ಲ, ಔಷಧದ ಅರ್ಧಾಯುವನ್ನಾದರೋ ಮೂತ್ರಪಿಂಡದ ಸ್ಥಿತಿಯೂ ಪಕ್ಕದ ಮಾತ್ರೆಯೂ ಬದಲಿಸಬಲ್ಲವು.

ಇದರ ಪರಿಣಾಮವನ್ನು ಒಂದು ಲೆಕ್ಕದಿಂದ ತಿಳಿಯೋಣ. ಪ್ರತಿದಿನ ಬೆಳಿಗ್ಗೆ ಒಂದು ಮಾತ್ರೆ. ಅದರಲ್ಲಿ ೧೦೦ ಮಾನಗಳಷ್ಟು ಔಷಧ. ಅರ್ಧಾಯು ೨೪ ಗಂಟೆ ಎನ್ನೋಣ. ಮೊದಲ ದಿನ ದೇಹದಲ್ಲಿ ೧೦೦; ಮರುದಿನ ಉಳಿದ ೫೦ಕ್ಕೆ ಹೊಸ ೧೦೦ ಸೇರಿ ೧೫೦; ಮೂರನೆಯ ದಿನ ೧೭೫. ಹೀಗೆಯೇ ಏರುತ್ತ ಅದು ೨೦೦ನ್ನು ಸಮೀಪಿಸಿ ಅಲ್ಲಿ ನಿಲ್ಲುವುದು. ಇದು ಶಾಲೆಯಲ್ಲಿ ಕಲಿತ ಗುಣೋತ್ತರ ಶ್ರೇಢಿಯಲ್ಲದೆ ಬೇರೆಯಲ್ಲ. ಈಗ ಮೂತ್ರಪಿಂಡ ಸೊರಗಿ, ದಿನಕ್ಕೆ ಅರ್ಧದ ಬದಲು ಕಾಲುಭಾಗ ಮಾತ್ರ ಹೊರಹೋಗುವಂತಾಯಿತೆಂದು ಭಾವಿಸೋಣ. ಮಾತ್ರೆ ಅದೇ, ಹೊತ್ತು ಅದೇ. ಆದರೆ ದೇಹದಲ್ಲಿನ ಪ್ರಮಾಣ ಮರುದಿನ ೨೫೦, ಅದರ ಮರುದಿನ ೨೮೭, ಐದನೆಯ ದಿನ ೩೫೦ಕ್ಕೂ ಹೆಚ್ಚು, ಹತ್ತನೆಯ ದಿನ ೩೯೦ರ ಸಮೀಪ. ಅದು ಕೊನೆಗೆ ನಿಲ್ಲುವುದು ೪೦೦ರಲ್ಲಿ, ಎಂದರೆ ಮೊದಲಿನ ಎರಡರಷ್ಟರಲ್ಲಿ.

ಈ ಲೆಕ್ಕದಲ್ಲಿ ಗಮನಿಸಬೇಕಾದುದು ಇಮ್ಮಡಿಯೊಂದೇ ಅಲ್ಲ, ಹತ್ತು ದಿನಗಳ ವಿಳಂಬವೂ ಹೌದು. ಕಾರಣ ಇಂದು ಘಟಿಸಿದರೆ ಪರಿಣಾಮ ಮುಂದಿನ ವಾರ ಕಾಣಿಸಿಕೊಳ್ಳುತ್ತದೆ. ಅಷ್ಟರಲ್ಲಿ ಕಾರಣವನ್ನು ಮನೆಯವರು ಮರೆತಿರುತ್ತಾರೆ.

ಡಿಜಾಕ್ಸಿನ್ ಇಂತಹ ಔಷಧಗಳಿಗೆ ಒಳ್ಳೆಯ ಉದಾಹರಣೆ. ಫಾಕ್ಸ್‌ಗ್ಲವ್ ಎಂಬ ಗಿಡದ ಎಲೆಯ ಗುಣವನ್ನು ಇಂಗ್ಲೆಂಡಿನ ವೈದ್ಯ ವಿಲಿಯಂ ವಿದರಿಂಗ್ ೧೭೮೫ರಲ್ಲಿ ವಿವರಿಸಿದನು. ಡಿಜಾಕ್ಸಿನ್ ಆ ಜಾತಿಯ ಗಿಡಗಳಿಂದಲೇ ದೊರೆಯುವ ವಸ್ತು. ಆರೋಗ್ಯವಂತರಲ್ಲಿ ಅದರ ಅರ್ಧಾಯು ಸುಮಾರು ಒಂದೂವರೆ ದಿನ. ಮೂತ್ರಪಿಂಡ ಕೆಟ್ಟವರಲ್ಲಿ ನಾಲ್ಕೈದು ದಿನಗಳಿಗೂ ಏರಬಹುದು. ಒಂದು ಮಿಲಿಲೀಟರ್ ರಕ್ತರಸದಲ್ಲಿ ಒಂದು ನ್ಯಾನೊಗ್ರಾಮಿನ ಆಸುಪಾಸಿನಲ್ಲಿದ್ದಾಗ ಅದು ಮದ್ದು. ಎರಡನ್ನು ದಾಟಿದರೆ ವಿಷವಾಗುವ ಸಂಭವವೇ ಹೆಚ್ಚು. ಮದ್ದಿಗೂ ವಿಷಕ್ಕೂ ನಡುವಣ ಅಂತರ ಇಷ್ಟೇ ಎಂಬುದನ್ನು ನೆನಪಿಟ್ಟುಕೊಂಡು ನಮ್ಮ ಅಜ್ಜಿಯ ಬಳಿಗೆ ಮರಳೋಣ.

ಮೂತ್ರಪಿಂಡವೊಂದರಲ್ಲಿ ಸುಮಾರು ಹತ್ತು ಲಕ್ಷ ಸೂಕ್ಷ್ಮ ಸೋಸಕಗಳಿವೆ. ಪ್ರತಿಯೊಂದು ಸೋಸಕವೂ ಕೂದಲಿಗಿಂತ ತೆಳುವಾದ ರಕ್ತನಾಳಗಳ ಒಂದು ಗೊಂಚಲು. ಒಳಬರುವ ಕೊಳವೆ ಒಂದು, ಹೊರಹೋಗುವ ಕೊಳವೆ ಒಂದು. ಎರಡರ ನಡುವೆ ರಕ್ತದ ಒತ್ತಡವೇ ನೀರನ್ನೂ ಕರಗಿದ ವಸ್ತುಗಳನ್ನೂ ಹಿಂಡಿ ಹೊರಗೆ ತಳ್ಳುತ್ತದೆ. ತಾರುಣ್ಯದಲ್ಲಿ ಹೀಗೆ ಸೋಸಿಬರುವುದು ನಿಮಿಷಕ್ಕೆ ಸುಮಾರು ೧೨೫ ಮಿಲಿಲೀಟರ್, ದಿನಕ್ಕೆ ಸುಮಾರು ೧೮೦ ಲೀಟರ್! ಅದರಲ್ಲಿ ಬಹುಭಾಗವನ್ನು ದೇಹ ಮತ್ತೆ ಹೀರಿಕೊಳ್ಳುವುದರಿಂದ ನಾವು ಬದುಕಿದ್ದೇವೆ. ಒತ್ತಡ ಕಡಮೆಯಾಗುವ ಸಂದರ್ಭದಲ್ಲಿ ಈ ಯಂತ್ರ ತನ್ನನ್ನು ತಾನೇ ಸರಿಪಡಿಸಿಕೊಳ್ಳುತ್ತದೆ. ಪ್ರಾಸ್ಟಗ್ಲಾಂಡಿನ್ ಎಂಬ ವಸ್ತುಗಳು ಒಳಬರುವ ಕೊಳವೆಯನ್ನು ಹಿಗ್ಗಿಸಿಡುತ್ತವೆ. ಆಂಜಿಯೊಟೆನ್ಸಿನ್ ಎಂಬುದು ಹೊರಹೋಗುವ ಕೊಳವೆಯನ್ನು ಬಿಗಿಹಿಡಿಯುತ್ತದೆ. ತೋಟದ ಕೊಳಾಯಿಯ ತುದಿಯನ್ನು ಬೆರಳಿನಿಂದ ಒತ್ತಿ ನೀರಿನ ಒತ್ತಡವನ್ನು ಹೆಚ್ಚಿಸುವ ಉಪಾಯವೇ ಇದು.

ಅಜ್ಜಿಯ ಮೂರು ಔಷಧಗಳು ಇಲ್ಲಿ ಸಂಧಿಸುತ್ತವೆ. ಮೂತ್ರವರ್ಧಕವು ದೇಹದ ನೀರನ್ನು ಇಳಿಸಿ, ಬರುವ ರಕ್ತದ ಪ್ರಮಾಣವನ್ನೇ ತಗ್ಗಿಸುತ್ತದೆ. ರಾಮಿಪ್ರಿಲ್ ಆಂಜಿಯೊಟೆನ್ಸಿನ್ ಹುಟ್ಟದಂತೆ ತಡೆಯುವುದರಿಂದ ಹೊರಕೊಳವೆ ಸಡಿಲವಾಗುತ್ತದೆ. ಇವೆರಡೇ ಇದ್ದಾಗ ಒಳಕೊಳವೆ ಹಿಗ್ಗಿ ಹೇಗೋ ಸಮತೋಲ ಉಳಿದಿದ್ದಿತು; ಇವು ಜೊತೆಯಾಗಿ ಲಕ್ಷಾಂತರ ಜನರಿಗೆ ಉಪಕಾರವನ್ನೇ ಮಾಡುತ್ತಿವೆ. ನೋವಿನ ಮಾತ್ರೆ ಪ್ರಾಸ್ಟಗ್ಲಾಂಡಿನ್ನನ್ನು ಅಡಗಿಸಿದೊಡನೆ ಒಳಕೊಳವೆಯೂ ಕಿರಿದಾಯಿತು. ಬರುವ ನೀರು ಕಡಮೆ, ಒಳಬಾಗಿಲು ಇಕ್ಕಟ್ಟು, ಹೊರಬಾಗಿಲು ತೆರಪು; ಸೋಸಕದ ಒತ್ತಡ ಕುಸಿಯದೆ ಇನ್ನೇನಾದೀತು? ಎರಡೆರಡನ್ನು ಜೋಡಿಸಿ ನೋಡಿದವನಿಗೆ ಈ ಅಪಾಯದ ಪೂರ್ಣರೂಪ ಕಾಣುವುದಿಲ್ಲ. ಮೂರನ್ನೂ ಒಟ್ಟಿಗೆ ನೋಡಿದವನಿಗೆ ಮಾತ್ರ ಕಾಣುವುದು. ಅಂತಹವನು ಇರಲಿಲ್ಲ, ಏಕೆಂದರೆ ಮೂರನೆಯ ಔಷಧವನ್ನು ಬರೆದವರೇ ಇಲ್ಲ.

ಮುಂದಿನದು ಸರಪಳಿಯಂತೆ ನಡೆಯಬಹುದು. ಸೋಸುವಿಕೆ ಕುಂದಿದಾಗ ಡಿಜಾಕ್ಸಿನ್ ದಿನದಿನಕ್ಕೆ ಶೇಖರವಾಗುತ್ತದೆ. ಮೂತ್ರಪಿಂಡದ ಮೂಲಕವೇ ಹೊರಹೋಗುವ ಮೆಟ್‌ಫಾರ್ಮಿನ್ ಕೂಡ. ಡಿಜಾಕ್ಸಿನ್ ಹೆಚ್ಚಾದುದರ ಮೊದಲ ಲಕ್ಷಣ ಅನೇಕ ವೇಳೆ ಹಸಿವಿಲ್ಲದಿರುವುದು, ಓಕರಿಕೆ. ಅಜ್ಜಿ ಊಟವನ್ನು ಮುಟ್ಟುವುದಿಲ್ಲ. ಆದರೆ ಸಕ್ಕರೆಯನ್ನು ಇಳಿಸುವ ಗ್ಲಿಮಿಪಿರೈಡ್ ಮಾತ್ರೆಯನ್ನು ಶ್ರದ್ಧೆಯಿಂದ ನುಂಗುತ್ತಾಳೆ. ಉಣ್ಣದ ದೇಹದಲ್ಲಿ ಸಕ್ಕರೆ ಕುಸಿದು ಕಣ್ಣು ಕತ್ತಲಿಟ್ಟು ಬಚ್ಚಲಲ್ಲಿ ಬೀಳುತ್ತಾಳೆ. ವಾರ್ಫರಿನ್ ತೆಗೆದುಕೊಳ್ಳುವವರ ತಲೆಗೆ ಪೆಟ್ಟು ಬಿದ್ದರೆ ರಕ್ತ ಬೇಗ ಹೆಪ್ಪುಗಟ್ಟುವುದಿಲ್ಲ. ಆಸ್ಪತ್ರೆಯ ಕಾಗದದಲ್ಲಿ “ಮನೆಯಲ್ಲಿ ಬಿದ್ದು ತಲೆಗೆ ಗಾಯ” ಎಂದು ಬರೆಯಲ್ಪಡುತ್ತದೆ. ಮೊಣಕಾಲಿನ ಮಾತ್ರೆಯ ಹೆಸರು ಅಲ್ಲಿ ಎಲ್ಲಿಯೂ ಇರುವುದಿಲ್ಲ.

ರಕ್ತಪರೀಕ್ಷೆಯಿಂದ ಮುಂಚೆಯೇ ಎಚ್ಚರಿಕೆ ದೊರೆಯುತ್ತಿರಲಿಲ್ಲವೇ ಎಂದು ವಿದ್ಯಾರ್ಥಿಗಳು ಕೇಳಬಹುದು. ದೊರೆಯುತ್ತಿದ್ದಿತು, ಅದನ್ನು ಸರಿಯಾಗಿ ಓದಿದ್ದರೆ. ಮೂತ್ರಪಿಂಡದ ಶಕ್ತಿಯನ್ನು ಅಳೆಯಲು ರಕ್ತದಲ್ಲಿನ ಕ್ರಿಯಾಟಿನಿನ್ ಎಂಬ ವಸ್ತುವನ್ನು ನೋಡುತ್ತಾರೆ. ಅದು ಸ್ನಾಯುಗಳಲ್ಲಿ ಹುಟ್ಟುತ್ತದೆ, ಮೂತ್ರಪಿಂಡದಿಂದ ಹೊರಹೋಗುತ್ತದೆ. ವೃದ್ಧರಲ್ಲಿ ಸ್ನಾಯು ಕರಗಿ ಹುಟ್ಟುವಿಕೆಯೂ ಕಡಮೆಯಾಗಿರುವುದರಿಂದ, ಹೊರಹೋಗುವಿಕೆ ಕಡಮೆಯಾದರೂ ರಕ್ತದಲ್ಲಿನ ಅಂಕಿ “ಸಹಜ”ವಾಗಿಯೇ ಕಾಣುವುದು. ಈ ಮೋಸವನ್ನು ನಿವಾರಿಸಲು ಕೆನಡಾದ ಕಾಕ್‌ಕ್ರಾಫ್ಟ್ ಮತ್ತು ಗಾಲ್ಟ್ ಎಂಬ ವೈದ್ಯರು ೧೯೭೬ರಲ್ಲಿ ಒಂದು ಸೂತ್ರವನ್ನು ಕೊಟ್ಟರು. ೧೪೦ರಿಂದ ವಯಸ್ಸನ್ನು ಕಳೆದು, ಕಿಲೋಗ್ರಾಮಿನ ತೂಕದಿಂದ ಗುಣಿಸಿ, ಬಂದುದನ್ನು ೭೨ ಮತ್ತು ಕ್ರಿಯಾಟಿನಿನ್ ಅಂಕಿ ಇವುಗಳ ಗುಣಲಬ್ಧದಿಂದ ಭಾಗಿಸಬೇಕು, ಸ್ತ್ರೀಯರಾದರೆ ೦.೮೫ರಿಂದ ಗುಣಿಸಬೇಕು. ಕ್ರಿಯಾಟಿನಿನ್ ೧.೦ ಇರುವ, ೬೦ ಕಿಲೋಗ್ರಾಂ ತೂಕದ ೨೫ರ ತರುಣನಿಗೆ ಇದು ನಿಮಿಷಕ್ಕೆ ಸುಮಾರು ೯೬ ಮಿಲಿಲೀಟರ್ ಎಂದು ತೋರಿಸುತ್ತದೆ. ಅದೇ ೧.೦ ಇರುವ, ೫೦ ಕಿಲೋಗ್ರಾಂ ತೂಕದ ೭೫ರ ಅಜ್ಜಿಗೆ ಸುಮಾರು ೩೮ ಮಾತ್ರ! ಈಚೆಗೆ ಇದಕ್ಕಿಂತ ಹೊಸ ಸೂತ್ರಗಳೂ ಬಳಕೆಗೆ ಬಂದಿವೆ. ಆದರೆ ಔಷಧದ ಪ್ರಮಾಣವನ್ನು ಗೊತ್ತುಮಾಡಲು ಈ ಹಳೆಯದನ್ನು ಇನ್ನೂ ಬಳಸುತ್ತಾರೆ. ವಾಚಕರು ತಮ್ಮ ಮನೆಯ ಹಿರಿಯರ ವರದಿಯನ್ನು ಹಿಡಿದು ಈ ಲೆಕ್ಕವನ್ನು ಮಾಡಿ ನೋಡಬಹುದು. ಉತ್ತರವನ್ನು ವೈದ್ಯರಿಗೆ ತೋರಿಸಬೇಕೇ ಹೊರತು ತಾವೇ ಮಾತ್ರೆಯನ್ನು ಕಡಮೆ ಮಾಡಬಾರದು.

ಪಿತ್ತಜನಕಾಂಗದ ದಾರಿಯಲ್ಲಿಯೂ ಇಂತಹ ಸಂಧಿಸ್ಥಾನಗಳಿವೆ. ಫೆಲೊಡಿಪಿನ್ ಎಂಬ ರಕ್ತದೊತ್ತಡದ ಔಷಧವನ್ನು ಪರೀಕ್ಷಿಸುತ್ತಿದ್ದ ಕೆನಡಾದ ಡೇವಿಡ್ ಬೇಯ್ಲಿಯವರು ಮದ್ಯದ ರುಚಿಯನ್ನು ಮರೆಮಾಡಲೆಂದು ಗ್ರೇಪ್‌ಫ್ರೂಟ್ ಹಣ್ಣಿನ ರಸವನ್ನು ಬೆರೆಸಿದ್ದರು. ರಕ್ತದಲ್ಲಿ ಔಷಧ ನಿರೀಕ್ಷೆಗಿಂತ ಬಹಳ ಹೆಚ್ಚಾಯಿತು. ಔಷಧವನ್ನು ಒಡೆಯುವ ಕರುಳಿನ ಕಿಣ್ವವೊಂದನ್ನು ಆ ರಸವೇ ಕೆಡಿಸುತ್ತದೆಂದು ಮುಂದೆ ತಿಳಿದುಬಂದಿತು. ನಮ್ಮ ದೇವನಹಳ್ಳಿಯ ಚಕ್ಕೋತ ಆ ಹಣ್ಣಿನ ಹತ್ತಿರದ ಬಂಧು. ಚಕ್ಕೋತದಲ್ಲಿಯೂ ಅದೇ ವರ್ಗದ ವಸ್ತುಗಳಿವೆ.

ಇದಕ್ಕೆ ವಿರುದ್ಧವಾದ ದೃಷ್ಟಾಂತ ನಮ್ಮ ದೇಶಕ್ಕೆ ಇನ್ನೂ ಹತ್ತಿರದ್ದು. ಕ್ಷಯರೋಗಕ್ಕೆ ಕೊಡುವ ರಿಫಾಂಪಿಸಿನ್ ಪಿತ್ತಜನಕಾಂಗದ ಕಿಣ್ವಗಳನ್ನು ಹೆಚ್ಚಿಸುತ್ತದೆ. ಹೃದಯದ ಕವಾಟ ಬದಲಾಯಿಸಿಕೊಂಡು ವಾರ್ಫರಿನ್ ತೆಗೆದುಕೊಳ್ಳುತ್ತಿರುವವನಿಗೆ ಕ್ಷಯ ಬಂದಿತೆನ್ನೋಣ. ವಾರ್ಫರಿನ್ ಬೇಗ ಬೇಗ ನಾಶವಾಗತೊಡಗುತ್ತದೆ. ಹೃದಯದ ವೈದ್ಯರು ಪರೀಕ್ಷೆ ಮಾಡಿ ಪ್ರಮಾಣವನ್ನು ಎರಡು ಮೂರು ಪಟ್ಟು ಏರಿಸುತ್ತಾರೆ. ಆರು ತಿಂಗಳಾದ ಮೇಲೆ ಕ್ಷಯ ವಾಸಿಯಾಗಿ ರಿಫಾಂಪಿಸಿನ್ ನಿಲ್ಲುತ್ತದೆ. ಎಲ್ಲರಿಗೂ ಸಂತೋಷ. ಆದರೆ ಎರಡು ವಾರಗಳಲ್ಲಿ ಕಿಣ್ವಗಳು ಮೊದಲಿನ ಮಟ್ಟಕ್ಕೆ ಇಳಿದಾಗ, ಏರಿಸಿದ ವಾರ್ಫರಿನ್ ಹಾಗೆಯೇ ಉಳಿದಿದ್ದರೆ ರಕ್ತಸ್ರಾವ ನಿಶ್ಚಿತವೆನ್ನುವಷ್ಟು ಹತ್ತಿರ ಬರುತ್ತದೆ. ಇಲ್ಲಿ ಯಾವ ವೈದ್ಯರ ಚಿಕಿತ್ಸೆಯೂ ಸೋತಿಲ್ಲ. ಒಂದು ಆಸ್ಪತ್ರೆಯಲ್ಲಿ ಔಷಧ ನಿಂತ ಸುದ್ದಿ ಇನ್ನೊಂದು ಆಸ್ಪತ್ರೆಯನ್ನು ಮುಟ್ಟಲಿಲ್ಲ, ಅಷ್ಟೆ.

ಔಷಧದ ಉಪದ್ರವವನ್ನು ಹೊಸ ರೋಗವೆಂದು ಭಾವಿಸಿ ಅದಕ್ಕೆ ಮತ್ತೊಂದು ಔಷಧ ಕೊಡುವುದು ಇನ್ನೊಂದು ಬಗೆ. ಆಮ್ಲೊಡಿಪಿನ್ ತೆಗೆದುಕೊಂಡವರಲ್ಲಿ ಕೆಲವರ ಕಾಲು ಊದುತ್ತದೆ, ಊತಕ್ಕೆಂದು ಮೂತ್ರವರ್ಧಕ, ಮೂತ್ರವರ್ಧಕದಿಂದ ಯೂರಿಕ್ ಆಮ್ಲ ಏರಿ ಹೆಬ್ಬೆರಳಿನ ಕೀಲು ಉರಿದರೆ ಅದಕ್ಕೆ ಇನ್ನೊಂದು ಮಾತ್ರೆ. ಪೌಲಾ ರೋಚಾನ್ ಮತ್ತು ಜೆರಿ ಗುರ್ವಿಟ್ಜ್ ೧೯೯೭ರ ಲೇಖನವೊಂದರಲ್ಲಿ ಇದನ್ನು ಮೆಟ್ಟಿಲುಮೆಟ್ಟಿಲಾಗಿ ಧುಮುಕುವ ಜಲಪಾತಕ್ಕೆ ಹೋಲಿಸಿದರು. ಹೋಲಿಕೆ ಚೆನ್ನಾಗಿದೆ: ಕೆಳಗೆ ನಿಂತವನಿಗೆ ಮೊದಲ ಮೆಟ್ಟಿಲು ಕಾಣುವುದಿಲ್ಲ.

ವೈದ್ಯರು ಶಾಸ್ತ್ರೋಕ್ತವಾಗಿ ನಡೆದರೆ ಇದೆಲ್ಲ ತಪ್ಪುವುದೆಂದು ತಿಳಿಯಬಾರದು. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾನಿಲಯದ ಸಿಂತಿಯಾ ಬಾಯ್ಡ್ ಮತ್ತು ಸಂಗಡಿಗರು ೨೦೦೫ರಲ್ಲಿ ಒಂದು ಪ್ರಯೋಗವನ್ನು ಕಾಗದದ ಮೇಲೆಯೇ ಮಾಡಿದರು. ಮಧುಮೇಹ, ರಕ್ತದೊತ್ತಡ, ಶ್ವಾಸಕೋಶದ ರೋಗ, ಮೂಳೆಯ ಟೊಳ್ಳು, ಕೀಲುಗಳ ಸವೆತ ಈ ಐದೂ ಇರುವ ೭೯ರ ವೃದ್ಧೆಯೊಬ್ಬಳನ್ನು ಕಲ್ಪಿಸಿಕೊಂಡು, ಪ್ರತಿಯೊಂದು ರೋಗಕ್ಕೂ ತಜ್ಞರು ಅಂಗೀಕರಿಸಿದ ಮಾರ್ಗಸೂಚಿಗಳನ್ನು ಚಾಚೂ ತಪ್ಪದೆ ಅನ್ವಯಿಸಿದರು. ಫಲವಾಗಿ ೧೨ ಔಷಧಗಳು, ಅವುಗಳೊಡನೆ ಪಥ್ಯ ವ್ಯಾಯಾಮಗಳ ಜಟಿಲವಾದ ದಿನಚರಿ. ಒಂದು ರೋಗದ ಔಷಧ ಇನ್ನೊಂದು ರೋಗವನ್ನು ಕೆಣಕುವ ಸಂಭವ ಬೇರೆ. ಮಾರ್ಗಸೂಚಿಗಳು ಸುಳ್ಳಲ್ಲ, ಅವು ಒಂದೊಂದು ರೋಗವನ್ನೇ ಕುರಿತು ಬರೆದವು. ಅವುಗಳಿಗೆ ಆಧಾರವಾದ ಪರೀಕ್ಷೆಗಳಲ್ಲಿ ಹಲವು ರೋಗಗಳಿದ್ದ ವೃದ್ಧರನ್ನು ಅನೇಕ ವೇಳೆ ಸೇರಿಸಿಕೊಂಡೇ ಇರುವುದಿಲ್ಲ.

ಹಾಗಾದರೆ ಕಟ್ಟು ಯಾವುದು? ಔಷಧಗಳನ್ನು ಸುಮ್ಮನೆ ಕಡಮೆ ಮಾಡುವುದಲ್ಲ ಎಂಬುದನ್ನು ಮೊದಲೇ ಹೇಳಬೇಕು. ದುರ್ಬಲವಾದ ಹೃದಯಕ್ಕೆ ಇಂದು ನಾಲ್ಕು ಬಗೆಯ ಔಷಧಗಳನ್ನು ಒಟ್ಟಿಗೆ ಕೊಡುವುದೇ ಉತ್ತಮವೆಂದು ತಿಳಿದುಬಂದಿದೆ. ಸಂಖ್ಯೆಯೇ ದೋಷವೆಂಬ ಮಾತು, ನಮ್ಮ ಅಭಿಪ್ರಾಯದಲ್ಲಿ, ಸೋಮಾರಿಯ ಮಾತು. ವೃದ್ಧರಿಗೆ ಸಲ್ಲದ ಔಷಧಗಳ ಪಟ್ಟಿಯೊಂದನ್ನು ಅಮೆರಿಕದ ಮಾರ್ಕ್ ಬಿಯರ್ಸ್ ೧೯೯೧ರಲ್ಲಿ ರಚಿಸಿದರು. ಐರ್ಲೆಂಡಿನ ತಜ್ಞರು ೨೦೦೮ರಲ್ಲಿ ಪ್ರಕಟಿಸಿದ ಪಟ್ಟಿ ಇನ್ನೂ ಬುದ್ಧಿವಂತಿಕೆಯದು; ನಿಲ್ಲಿಸಬೇಕಾದವುಗಳ ಜೊತೆಗೆ, ಕೊಡಬೇಕಾಗಿದ್ದೂ ಕೊಡದೆ ಬಿಟ್ಟವುಗಳನ್ನೂ ಅದು ಹೇಳುತ್ತದೆ. ನಿಲ್ಲಿಸುವುದಕ್ಕೂ ಕ್ರಮವಿದೆ. ಬಹುದಿನ ತೆಗೆದುಕೊಂಡ ಸ್ಟೀರಾಯ್ಡನ್ನೋ ಹೃದಯದ ಬಡಿತವನ್ನು ತಗ್ಗಿಸುವ ಮೆಟೊಪ್ರೊಲಾಲ್ ಮೊದಲಾದವನ್ನೋ ಥಟ್ಟನೆ ಬಿಟ್ಟರೆ ಪ್ರಾಣಕ್ಕೇ ಸಂಚಕಾರ ಬರಬಹುದು.

ಬ್ರಿಟನ್ನಿನಲ್ಲಿ ಸಾಮಾನ್ಯವಾಗಿ ಎಲ್ಲರೂ ಒಬ್ಬ ಕುಟುಂಬವೈದ್ಯರ ಬಳಿ ಹೆಸರು ಬರೆಸಿರುತ್ತಾರೆ. ತಜ್ಞರ ಪತ್ರಗಳೆಲ್ಲ ಅಲ್ಲಿಗೆ ಬಂದು ಸೇರುತ್ತವೆ. ನಮ್ಮಲ್ಲಿ ರೋಗಿಯೇ ನೇರವಾಗಿ ತಜ್ಞರಿಂದ ತಜ್ಞರಿಗೆ ನಡೆಯುತ್ತಾನೆ, ಕಡತವೂ ಅವನ ಕೈಚೀಲದಲ್ಲಿಯೇ ನಡೆಯುತ್ತದೆ. ೨೦೨೧ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ಈ ಕಾಗದಗಳನ್ನು ಒಂದು ಸಂಖ್ಯೆಯ ಕೆಳಗೆ ಕೂಡಿಸಲು ಹೊರಟಿದೆ. ಆದರೆ ಅಂಗಡಿಯಿಂದ ಚೀಟಿಯಿಲ್ಲದೆ ತಂದ ನೋವಿನ ಮಾತ್ರೆಯೂ, ಪರಿಚಿತರು ಕೊಟ್ಟ ನಾಟಿ ಚೂರ್ಣವೂ ಯಾವ ಯಂತ್ರಕ್ಕೂ ತಾವಾಗಿ ತಿಳಿಯುವುದಿಲ್ಲ. ಅವು ಮನೆಯವರಿಗೆ ಮಾತ್ರ ಗೊತ್ತು.

ಆದಕಾರಣ ನಮ್ಮ ದೇಶದಲ್ಲಿ ಈ ಕೆಲಸದ ಮೊದಲ ಅಂಶವನ್ನು ಮನೆಯಲ್ಲಿ ಓದುಬರಹ ಬಲ್ಲ ಹುಡುಗನೋ ಹುಡುಗಿಯೋ ಮಾಡಬಲ್ಲರು. ಮನೆಯಲ್ಲಿರುವ ಮಾತ್ರೆಗಳನ್ನೆಲ್ಲ ಮೇಜಿನ ಮೇಲೆ ಹರಡಿ, ಪಟ್ಟಿಗಳ ಮೇಲೆ ಅಚ್ಚಾಗಿರುವ ರಾಸಾಯನಿಕ ಹೆಸರನ್ನು ಬರೆದುಕೊಳ್ಳಬೇಕು. ಮಾರಾಟದ ಹೆಸರು ಸಾಲದು. ಎರಡು ಬೇರೆ ಬೇರೆ ಹೆಸರಿನ ಮಾತ್ರೆಗಳಲ್ಲಿ ಒಂದೇ ಔಷಧ ಅಡಗಿರುವುದು ಆಗ ಹೊರಬೀಳುವುದುಂಟು. ಮೂರು ಔಷಧಗಳು ಒಂದೇ ಮಾತ್ರೆಯಲ್ಲಿ ಸೇರಿರುವುದೂ, ಪ್ಯಾರಸಿಟಮಾಲ್ ನೆಗಡಿಯ ಮಾತ್ರೆಯಲ್ಲಿಯೂ ನೋವಿನ ಮಾತ್ರೆಯಲ್ಲಿಯೂ ಇರುವುದೂ ಸಾಮಾನ್ಯ. ಹೆಸರಿನ ಮುಂದೆ ಪ್ರಮಾಣ, ಹೊತ್ತು, ಯಾವ ಕಾರಣಕ್ಕೆ, ಯಾರು ಬರೆದದ್ದು ಎಂಬುದನ್ನು ನಮೂದಿಸಬೇಕು. ಕಾರಣವೇ ತಿಳಿಯದ ಔಷಧವೊಂದಿದ್ದರೆ ಅದರ ಮುಂದೆ ಪ್ರಶ್ನೆಯ ಚಿಹ್ನೆ ಹಾಕಿ ವೈದ್ಯರನ್ನು ಕೇಳಬೇಕು. ಹೊತ್ತಿನ ವಿಷಯದಲ್ಲಿ ವಿಶೇಷ ಎಚ್ಚರ ಬೇಕು: ಸಂಧಿವಾತಕ್ಕೆ ಕೊಡುವ ಮೆಥೊಟ್ರೆಕ್ಸೇಟ್ ವಾರಕ್ಕೆ ಒಮ್ಮೆ ತೆಗೆದುಕೊಳ್ಳುವ ಮಾತ್ರೆ, ಅದನ್ನು ತಪ್ಪಿ ಪ್ರತಿದಿನ ನುಂಗಿ ಮೂಳೆಯ ಮಜ್ಜೆ ಕೆಟ್ಟು ಸತ್ತವರಿದ್ದಾರೆ.

ವಿಶ್ವ ಆರೋಗ್ಯ ಸಂಸ್ಥೆ ೨೦೧೭ರಲ್ಲಿ ಔಷಧಗಳಿಂದಾಗುವ ಹಾನಿಯನ್ನು ತಗ್ಗಿಸಲು ಜಗತ್ತಿಗೆಲ್ಲ ಕರೆಯಿತ್ತಾಗ, ಹಲವು ಔಷಧಗಳ ಬಳಕೆಯೊಡನೆ ರೋಗಿ ಒಂದೆಡೆಯಿಂದ ಇನ್ನೊಂದೆಡೆಗೆ ಹೋಗುವ ಸಂದರ್ಭವನ್ನೂ ಮುಖ್ಯವಾಗಿ ಎತ್ತಿ ಹೇಳಿತು. ಆಸ್ಪತ್ರೆಯಿಂದ ಮನೆಗೆ ಬರುವ ದಿನ ಅಂತಹ ಸಂದರ್ಭ. ಅಂದು ಹೊಸ ಚೀಟಿಯನ್ನು ಹಳೆಯ ಪಟ್ಟಿಯ ಪಕ್ಕದಲ್ಲಿಟ್ಟು, ಯಾವುದು ಹೊಸದು, ಯಾವುದರ ಪ್ರಮಾಣ ಬದಲಾಗಿದೆ, ಯಾವುದು ಬೇಕೆಂದೇ ನಿಂತಿದೆ, ಯಾವುದು ಬರೆಯಲು ಮರೆತುಹೋಗಿದೆ ಎಂಬುದನ್ನು ಅಲ್ಲಿಯೇ, ಬಾಗಿಲು ದಾಟುವ ಮುನ್ನ, ಕೇಳಿ ತಿಳಿದುಕೊಳ್ಳಬೇಕು. ಹಳೆಯ ಪಟ್ಟಿಯನ್ನು ಹರಿದುಹಾಕದೆ ತಾರೀಖು ಬರೆದು ಇಟ್ಟುಕೊಳ್ಳುವುದು ಯುಕ್ತ. ಮುಂದೊಂದು ದಿನ ಅಜ್ಜಿ ಊಟ ಬೇಡವೆಂದಾಗ, ಮೇಲೆ ನಾವು ಮಾಡಿದ ಲೆಕ್ಕದಂತೆ, ವೈದ್ಯರು ವಿಚಾರಿಸುವುದು ಅಂದು ಬೆಳಿಗ್ಗೆ ನುಂಗಿದ ಮಾತ್ರೆಯೊಂದನ್ನೇ ಅಲ್ಲ, ಹಿಂದಿನ ಎರಡು ವಾರಗಳಲ್ಲಿ ಹೊಸದಾಗಿ ಸೇರಿದ್ದೇನು, ಬಿಟ್ಟುಹೋದದ್ದೇನು ಎಂಬುದನ್ನು.